ಹತ್ತು ಟಿಪ್ಪರ್ ಜಾರಿತು, ಎಂಬತ್ತು ಟಿಪ್ಪರ್ ಬಂತು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗುಡ್ಡ ಕುಸಿತದ್ದೇ. ಪುನರ್ವಸು ಮಳೆ ಹಿಡಿದು ಕೂತ ವಾರದಲ್ಲಿ ಉತ್ತರ ಕನ್ನಡದವರು ಬೇರೆ ಏನು ಕೇಳ್ತಾರೆ ಹೇಳಿ. ಕೊಳೆ ರೋಗದ ಬಗ್ಗೆ ಕೇಳಿದ ಇಬ್ಬರಿಗೆ ಬೇರೆಯಾಗಿ ಕಾಗದ ಹಾಕಿದ್ದೇನೆ, ಅದು ಮುಂದಿನ ಸಂಚಿಕೆವರೆಗೆ ಕಾಯುವ ವಿಷಯ ಅಲ್ಲ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣಿನ ಪಾಠ ಮಾಡಿ ನಿವೃತ್ತಳಾದವಳು. ಈಗ ಶಿರಸಿ ಸೀಮೆಯಲ್ಲಿ ಎರಡು ಎಕರೆ ಅಡಿಕೆ ತೋಟ, ಒಂದು ಹಸು, ಒಂದು ಹಳೇ ಲ್ಯಾಪ್‌ಟಾಪ್.

ಪ್ರಶ್ನೆ: ನಮ್ಮ ತೋಟದ ತಲೆಮೇಲೆ ಸೊಪ್ಪಿನ ಬೆಟ್ಟ ಇದೆ. 2021ರ ಜುಲೈಯಲ್ಲಿ ಕಳಚೆಯ ಗುಡ್ಡ ಕುಸಿದದ್ದು ನೋಡಿ ಬಂದ ಮೇಲೆ ಮಳೆಗಾಲದಲ್ಲಿ ನಿದ್ದೆ ಸರಿ ಬರುವುದಿಲ್ಲ. ಗುಡ್ಡ ಜಾರಿದರೆ ಮಣ್ಣು ಎಲ್ಲಿವರೆಗೆ ಬರುತ್ತದೆ ಅಂತ ಕಂಪ್ಯೂಟರ್ ಹೇಳುತ್ತದಂತೆ. ಹೌದಾ?
(ಯಲ್ಲಾಪುರ ತಾಲೂಕಿನ ತೋಟಗಾರರೊಬ್ಬರು)

ಉತ್ತರ: ಹೇಳುತ್ತದೆ. ಅದನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ನನ್ನ ತೋಟದ ಕಥೆಯನ್ನೇ ಹೇಳ್ತೇನೆ, ಕೇಳಿ.

2019ರ ಆಗಸ್ಟ್ ಮಳೆ ನಿಮಗೂ ನೆನಪಿರಬೇಕು. ಒಂದು ಬೆಳಿಗ್ಗೆ ನಮ್ಮ ಬೆಟ್ಟದ ತಲೆಯಲ್ಲಿ ಸಣ್ಣದೊಂದು ಧರೆ ಜಾರಿತು. ಮಳೆ ಹೊಳವಾದ ಮೇಲೆ ಹತ್ತಿ ಹೋಗಿ ಟೇಪು ಹಿಡಿದೆ. ಗಾಯ 8 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ಅಂದರೆ 60 ಘನ ಮೀಟರ್. ನಮ್ಮೂರಿಗೆ ಜಲ್ಲಿ ತರುವ ಟಿಪ್ಪರ್ 6 ಘನ ಮೀಟರ್ ಹಿಡಿಯುತ್ತದೆ ಅಂದುಕೊಂಡರೆ ಹತ್ತು ಟಿಪ್ಪರ್ ಮಣ್ಣು. ಕೆಳಗೆ ತೋಟಕ್ಕೆ ಬಂದು ಬಿದ್ದದ್ದು ಎಷ್ಟು? 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ಸರಾಸರಿ 80 ಸೆಂಟಿಮೀಟರ್ ದಪ್ಪಕ್ಕೆ ರಾಡಿ, ಕಲ್ಲು, ಬೇರು. 480 ಘನ ಮೀಟರ್. ಎಂಬತ್ತು ಟಿಪ್ಪರ್!

ಕೆಳಮನೆ ಭಾವ ಕೊಡೆ ಊರಿಕೊಂಡು ನೋಡ್ತಾ ನಿಂತಿದ್ದರು. "ಮಣ್ಣು ಅಳೆದು ಎಂತ ಮಾಡ್ತೀಯೇ? ಸೊಸೈಟಿಯಲ್ಲಿ ಇದಕ್ಕೂ ರೇಟು ಬಂತಾ?" ಅಂದರು.

ಉಳಿದ ಎಪ್ಪತ್ತು ಟಿಪ್ಪರ್ ಬಂದದ್ದು ಹಳ್ಳದಿಂದ. ಗಾಯದಿಂದ ತೋಟದವರೆಗೆ ಹಳ್ಳ 280 ಮೀಟರ್ ಉದ್ದ ಇದೆ, ಅಗಲ ಸುಮಾರು 3 ಮೀಟರ್. ಅದರ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಳೆತ ಸೊಪ್ಪು, ಮಣ್ಣು, ಉಂಡೆಗಲ್ಲು ಎಲ್ಲ ಎದ್ದು ಹೋಗಿತ್ತು. ಸರಾಸರಿ ಅರ್ಧ ಮೀಟರ್. ಕೆಲವು ಕಡೆ ಬಿಳಿ ಶೇಡಿ ಮಣ್ಣು, ಹೆಚ್ಚಿನ ಕಡೆ ತೊಳೆದ ಹಾಗೆ ಬಂಡೆ. 280, 3, ಅರ್ಧ, ಗುಣಿಸಿ ನೋಡಿ: 420. ಸಡಿಲಾದ ಮಣ್ಣು ಉಬ್ಬುತ್ತದೆ, ತೆಳು ರಾಡಿ ನೀರಿನ ಜೊತೆ ಹೊಳೆ ಸೇರುತ್ತದೆ. ಹಾಗಾಗಿ ಲೆಕ್ಕ ಇಷ್ಟು ಚೊಕ್ಕ ಕೂತದ್ದು ನನ್ನ ಅದೃಷ್ಟ ಅಷ್ಟೇ. ಆದರೂ ಒಂದು ಮಾತು ಗಟ್ಟಿ. ನನ್ನ ತೋಟ ಮುಚ್ಚಿದ್ದು ಮೇಲೆ ಜಾರಿದ ಧರೆ ಅಲ್ಲವೇ ಅಲ್ಲ, ಅದು ದಾರಿಯಲ್ಲಿ ತಿಂದದ್ದು.

ಸೊಸೈಟಿಯಲ್ಲಿ ಸಾಲ ಇದ್ದವರಿಗೆ ಮುಂದಿನದು ಬೇಗ ತಿಳಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಓಲ್ಡ್‌ರಿಚ್ ಹಂಗ್ರ್ ಮತ್ತು ಸ್ಕಾಟ್ ಮೆಕ್‌ಡೌಗಲ್ ಮಾಡಿದ ಡ್ಯಾನ್-3ಡಿ ಅನ್ನುವ ಪ್ರೋಗ್ರಾಂ ಇದೆ. ಅದರಲ್ಲಿ ತಳ ತಿನ್ನುವ ಲೆಕ್ಕ ಚಕ್ರಬಡ್ಡಿಯೇ. ಒಂದು ಮೀಟರ್ ಮುಂದೆ ಹೋದರೆ ಇದ್ದದ್ದು ಇಷ್ಟು ಪರ್ಸೆಂಟ್ ಬೆಳೆಯುತ್ತದೆ ಅಂತ. ನಮ್ಮ ಹಳ್ಳದಲ್ಲಿ 60 ಹೋಗಿ 120, 240, ಕೊನೆಗೆ 480. ಮೂರು ಸಲ ಡಬಲ್. ಅಂದರೆ ಸುಮಾರು 93 ಮೀಟರ್‌ಗೊಮ್ಮೆ ಅಸಲು ಇಮ್ಮಡಿ, ಮೀಟರ್‌ಗೆ ಮುಕ್ಕಾಲು ಪರ್ಸೆಂಟ್ ಬಡ್ಡಿ. ಯಾವ ಸೊಸೈಟಿಯೂ ಇಷ್ಟು ಹಾಕಲಿಕ್ಕಿಲ್ಲ.

ಇದೇನೋ ನಮ್ಮ ಹಳ್ಳದ ಚಿಲ್ಲರೆ ಲೆಕ್ಕ ಅಂದ್ಕೋಬೇಡಿ. ಹಾಂಗ್‌ಕಾಂಗ್‌ನ ತ್ಸಿಂಗ್ ಶಾನ್ ಬೆಟ್ಟದಲ್ಲಿ 1990ರಲ್ಲಿ ಮೊದಲು ಜಾರಿದ್ದು ಸುಮಾರು 400 ಘನ ಮೀಟರ್. ಕೆಳಗೆ ಮುಟ್ಟುವಾಗ ಸುಮಾರು 20,000. ಐವತ್ತು ಪಟ್ಟು. 2024ರ ಜುಲೈ 30ರಂದು ವಯನಾಡಿನಲ್ಲಿ ಸುಮಾರು 1,550 ಮೀಟರ್ ಎತ್ತರದಲ್ಲಿ ಬಿಟ್ಟ ಮಣ್ಣು ಹೊಳೆಯ ಗುಂಟ ಸುಮಾರು 8 ಕಿಲೋಮೀಟರ್ ಓಡಿತು. ಎರಡೂ ದಂಡೆ ಒಡೆದು ಹೊಳೆಯನ್ನೇ ಅಗಲ ಮಾಡಿತ್ತು. ಇಸ್ರೋದ ಉಪಗ್ರಹ ಚಿತ್ರಗಳಲ್ಲಿ ಅದು ಸರಿಯಾಗಿ ಕಾಣುತ್ತದೆ.

ಇನ್ನು ಕಂಪ್ಯೂಟರ್ ಏನು ಮಾಡುತ್ತದೆ ನೋಡಿ. ಬೆಟ್ಟದ ನಕ್ಷೆಯನ್ನು ಗದ್ದೆಯ ಮಡಿಗಳ ಹಾಗೆ ಚೌಕ ಚೌಕ ಮಾಡಿಕೊಳ್ಳುತ್ತದೆ. ಪ್ರತಿ ಮಡಿಗೂ ಮೂರು ಸಂಖ್ಯೆ. ರಾಡಿ ಎಷ್ಟು ಆಳ, ಉದ್ದಕ್ಕೆ ಎಷ್ಟು ವೇಗ, ಅಡ್ಡಕ್ಕೆ ಎಷ್ಟು ವೇಗ. ಆಮೇಲೆ ಸೆಕೆಂಡಿನ ಒಂದು ಚೂರು ಮುಂದೆ ಹೋಗುತ್ತದೆ. ಇಳಿಜಾರು ಎಷ್ಟು ಎಳೆಯಿತು, ತಳ ಎಷ್ಟು ತಡೆಯಿತು, ಈ ಮಡಿಯಿಂದ ಆ ಮಡಿಗೆ ಎಷ್ಟು ದಾಟಿತು, ಎಲ್ಲ ಬರೆದುಕೊಳ್ಳುತ್ತದೆ. ಮತ್ತೊಂದು ಚೂರು, ಮತ್ತೊಂದು. ನಮ್ಮ ಹಳ್ಳದಲ್ಲಿ ಒಂದು ನಿಮಿಷದೊಳಗೆ ಮುಗಿದ ಕೆಲಸಕ್ಕೆ ನನ್ನ ಲ್ಯಾಪ್‌ಟಾಪ್ ಮಧ್ಯಾಹ್ನ ಪೂರ್ತಿ ಗುರ್ ಅನ್ನುತ್ತದೆ. ಹರಿಯುವ ಕಲ್ಲುಮಣ್ಣಿಗೆ ಈ ಉಪಾಯ ಹೊಂದಿಸಿ ಕೊಟ್ಟವರು ಸ್ಯಾವೇಜ್ ಮತ್ತು ಹುಟ್ಟರ್, 1989ರಲ್ಲಿ. ತಳದ ತಡೆಗೆ ಬಹಳ ಕಡೆ ಬಳಸುವ ಸೂತ್ರ ಇನ್ನೂ ಹಳೇದು. 1955ರಲ್ಲಿ ಸ್ವಿಟ್ಜರ್ಲೆಂಡಿನ ವೊಯೆಲ್ಮಿ ಹಿಮಕುಸಿತಕ್ಕಾಗಿ ಮಾಡಿದ್ದು. ಹಿಮಕ್ಕೆ ಹೊಲಿದ ಅಂಗಿಯನ್ನು ನಾವು ಕೆಂಪು ರಾಡಿಗೆ ತೊಡಿಸಿದ್ದೇವೆ. ತೋಳು ಸ್ವಲ್ಪ ಬಿಗಿ, ಆದರೆ ಮೈಗೆ ಕೂರುತ್ತದೆ.

ತಳ ತಿನ್ನುವುದನ್ನೂ ಸೇರಿಸಿದರೆ ಪ್ರತಿ ಮಡಿಗೆ ಇನ್ನೊಂದು ಲೆಕ್ಕ: ಇಲ್ಲಿಂದ ಎಷ್ಟು ಮಣ್ಣು ಎದ್ದಿತು? ಸ್ವಿಸ್ ಹಿಮ ಸಂಶೋಧನಾ ಸಂಸ್ಥೆಯ ರ‍್ಯಾಮ್ಸ್ ಪ್ರೋಗ್ರಾಂ ಇದಕ್ಕೆ ಒಂದು ಸರಳ ಒಪ್ಪಂದ ಮಾಡಿಕೊಂಡಿದೆ. 2 ಮೀಟರ್ ಆಳದ ರಾಡಿ 20 ಡಿಗ್ರಿ ಇಳಿಜಾರಿನಲ್ಲಿ ಹೋಗುತ್ತಿದೆ ಅನ್ನಿ. ಅದು ತಳದ ಪ್ರತಿ ಚದರ ಮೀಟರನ್ನು ಸುಮಾರು 13 ಕಿಲೋಪ್ಯಾಸ್ಕಲ್ ಬಲದಲ್ಲಿ ಉಜ್ಜುತ್ತದೆ. ನಮ್ಮ ಮಾತಿನಲ್ಲಿ ಒಂದು ಟನ್ನಿಗಿಂತ ಜಾಸ್ತಿ ಎಳೆತ. ಮೊದಲ 1 ಕಿಲೋಪ್ಯಾಸ್ಕಲ್ ಮಾಫಿ. ಆಮೇಲೆ ಪ್ರತಿ ಕಿಲೋಪ್ಯಾಸ್ಕಲ್‌ಗೆ 10 ಸೆಂಟಿಮೀಟರ್ ಆಳದವರೆಗೆ ತಿನ್ನಲು ಬಿಡುತ್ತಾರೆ, ಸೆಕೆಂಡಿಗೆ ಎರಡೂವರೆ ಸೆಂಟಿಮೀಟರ್ ವೇಗದಲ್ಲಿ. ಲೆಕ್ಕಕ್ಕೆ 1.2 ಮೀಟರ್ ಆಳ ಬಂತು.

ಈ ದರ ಆಕಾಶದಿಂದ ಬಿದ್ದದ್ದಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಇಲ್‌ಗ್ರಾಬೆನ್ ಅಂತ ಒಂದು ಹಳ್ಳ ಇದೆ, ಅಲ್ಲಿ ವರ್ಷಕ್ಕೆ ಹಲವು ಸಲ ಕಲ್ಲುರಾಡಿ ಬರುತ್ತದೆ. ಅಲ್ಲಿನವರು ಹಳ್ಳದ ತಳದಲ್ಲಿ ಕಂಬದ ಹಾಗೆ ಒಂದರ ಮೇಲೊಂದು ವಿದ್ಯುತ್ ತುಂಡುಗಳನ್ನು ಪೋಣಿಸಿ ಹೂತರು. ತಳ ಕೊಚ್ಚಿಹೋದ ಹಾಗೆ ಮೇಲಿನಿಂದ ಒಂದೊಂದೇ ತುಂಡು ಕಿತ್ತು ಹೋಗುತ್ತದೆ, ದಡದಲ್ಲಿರುವ ಯಂತ್ರಕ್ಕೆ ಅದು ಯಾವ ಕ್ಷಣ ಹೋಯಿತು ಅಂತ ಗೊತ್ತಾಗುತ್ತದೆ. ರಾಡಿಯ ಮೂತಿ ಬಂದು ಮುಟ್ಟುವ ಹೊತ್ತಿಗೇ ತುಂಡುಗಳು ಕಿತ್ತು ಹೋಗಿದ್ದವು. ಹಿಂದೆ ಬರುವ ತೆಳು ನೀರು ತೊಳೆದು ಕೊರೆಯುತ್ತದೆ ಅಂತ ನಾನು ಕಾಲೇಜಿನಲ್ಲಿ ಪಾಠ ಮಾಡಿದ್ದೆ. ಆ ಮಕ್ಕಳು ಸಿಕ್ಕರೆ ತಿದ್ದಿ ಹೇಳಬೇಕು.

ನಮ್ಮ ಹಳ್ಳದಲ್ಲಿ ಅವತ್ತು ರಾಡಿ ಸುಮಾರು 2 ಮೀಟರ್ ಆಳ ಬಂದಿತ್ತು ಅಂತ ದಂಡೆಯ ಮರದ ಮೇಲಿನ ಕೆಸರಿನ ಗುರುತು ಹೇಳುತ್ತಿತ್ತು. ಸ್ವಿಸ್ ದರ ಹಾಕಿದರೆ 1.2 ಮೀಟರ್ ತಿನ್ನಬೇಕಿತ್ತು. ತಿಂದದ್ದು ಅರ್ಧ ಮೀಟರ್. ಯಾಕೆ ಅಂದರೆ ಅರ್ಧ ಮೀಟರ್ ಕೆಳಗೆ ಬಂಡೆ ಇತ್ತು, ತಿನ್ನಲು ಇನ್ನೇನೂ ಇರಲಿಲ್ಲ. ಬಂಡೆ ಇದೆ ಅಂತ ನಾವು ಹೇಳದಿದ್ದರೆ ಕಂಪ್ಯೂಟರ್ ಅದನ್ನೂ ತಿಂದು ತೋಟಕ್ಕೆ ತಂದು ಹಾಕುತ್ತದೆ, ಸಂಕೋಚವೇ ಇಲ್ಲ.

ಹಾಗಾಗಿ ನೀವು ಒಂದು ಕೆಲಸ ಮಾಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹಳ್ಳ ಒಣಗಿದಾಗ ಒಂದು ಕಬ್ಬಿಣದ ಸರಳು, ಸುತ್ತಿಗೆ ತಗೊಂಡು ಹೋಗಿ. ಇಪ್ಪತ್ತು ಹೆಜ್ಜೆಗೊಮ್ಮೆ ತಳಕ್ಕೆ ಹೊಡೆದು ಟಣ್ ಅನ್ನುವವರೆಗೆ ಎಷ್ಟು ಇಳಿಯಿತು ಬರೆದುಕೊಳ್ಳಿ. ಎರಡು ಅಡಿಗೇ ಟಣ್ ಅಂದರೆ ಒಂದು ಲೆಕ್ಕ, ಸರಳು ಪೂರ್ತಿ ಇಳಿದರೆ ಬೇರೆಯೇ ಲೆಕ್ಕ. ಆ ಕಾಗದ ನನಗೆ ಕಳಿಸಿ, ಆಮೇಲೆ ಕಂಪ್ಯೂಟರ್ ಮಾತಾಡೋಣ. ಈಗ ಮಳೆಯಲ್ಲಿ ಮಾತ್ರ ಹಳ್ಳಕ್ಕೆ ಇಳಿಯಬೇಡಿ.

ಪ್ರಶ್ನೆ: ಮೇಡಂ, ಓಡುವ ವಸ್ತುವಿಗೆ ನಿಂತ ವಸ್ತು ಅಂಟಿಕೊಂಡರೆ ವೇಗ ಕಡಿಮೆ ಆಗಬೇಕು ಅಂತ ನಮಗೆ ಭೌತಶಾಸ್ತ್ರದಲ್ಲಿ ಹೇಳಿದ್ದಾರೆ. ಹಾಗಾದರೆ ಮಣ್ಣು ತಿಂದಷ್ಟೂ ರಾಡಿ ನಿಧಾನ ಆಗಬೇಕಲ್ವಾ? ಎಲ್ಲರೂ ಉಲ್ಟಾ ಹೇಳ್ತಾರೆ.
(ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿರಸಿ)

ಉತ್ತರ: ತಂಗೀ, ಈ ತಿಂಗಳ ಒಳ್ಳೇ ಪ್ರಶ್ನೆ ನಿನ್ನದು. ಇದಕ್ಕೆ ದೊಡ್ಡ ದೊಡ್ಡವರೇ ಜಗಳ ಆಡಿದ್ದಾರೆ.

ಚಿಕ್ಕವಳಿದ್ದಾಗ ಅಡಿಕೆ ಹಾಳೆ ಮೇಲೆ ಕೂತು ಇಳಿಜಾರಲ್ಲಿ ಜಾರಿದ್ದೀಯಲ್ಲ? ಜಾರುತ್ತಾ ಹೋಗುವಾಗ ದಾರಿಯಲ್ಲಿ ನಿಂತ ತಮ್ಮ ಹಾರಿ ಹತ್ತಿದರೆ ಗಕ್ಕಂತ ವೇಗ ಇಳಿಯುತ್ತದೆ. ನಿನ್ನ ಪುಸ್ತಕ ಹೇಳುವುದು ಅದನ್ನೇ, ಅದು ಸರಿ. ಈಗ ಬೇರೆ ಥರ ಯೋಚಿಸು. ತಮ್ಮ ಹತ್ತುವಾಗ ಒಂದು ಕೊಡ ನೀರನ್ನೂ ಹಾಳೆಯ ಕೆಳಗೆ ಚೆಲ್ಲಿಕೊಂಡೇ ಹತ್ತಿದ ಅನ್ನು. ಅರೆಗಳಿಗೆ ವೇಗ ಇಳಿಯುತ್ತದೆ. ಆಮೇಲೆ ಇಬ್ಬರ ಭಾರ, ಜಾರುವ ನೆಲ. ಮೊದಲಿಗಿಂತ ಜೋರಾಗಿ ಹೋಗಿ ಬೇಲಿಗೆ ಬೀಳ್ತೀರಿ.

ಇದನ್ನು ಸರಿಯಾಗಿ ಮಾಡಿ ನೋಡಿದವರು ಅಮೆರಿಕದ ಭೂವಿಜ್ಞಾನ ಇಲಾಖೆಯ ರಿಚರ್ಡ್ ಐವರ್‌ಸನ್ ಮತ್ತು ಜೊತೆಯವರು. ಆರೆಗಾನ್ ರಾಜ್ಯದ ಒಂದು ಕಾಡಿನ ಇಳಿಜಾರಿನಲ್ಲಿ ಕಾಂಕ್ರೀಟಿನ ದೊಡ್ಡ ತೊಟ್ಟಿಗಾಲುವೆ ಇದೆ. 95 ಮೀಟರ್ ಉದ್ದ, 2 ಮೀಟರ್ ಅಗಲ, 31 ಡಿಗ್ರಿ ಇಳಿಜಾರು. ನಮ್ಮ ದೇವಿಮನೆ ಘಾಟಿಯ ರಸ್ತೆಯೂ ಅಷ್ಟು ಕಡಿದಲ್ಲ. ಅದರ ತಳಕ್ಕೆ ಸುಮಾರು 12 ಸೆಂಟಿಮೀಟರ್ ದಪ್ಪ ಮರಳು, ಜಲ್ಲಿ, ಕೆಸರು ಹಾಸಿದರು. ಮೇಲಿಂದ 6 ಘನ ಮೀಟರ್ ರಾಡಿ ಬಿಟ್ಟರು, ನಮ್ಮ ಒಂದು ಟಿಪ್ಪರ್‌ನಷ್ಟು. ಒಂದು ಸಲ ಹಾಸನ್ನು ಒಣಗಿಸಿ ಬಿಟ್ಟರು, ಇನ್ನೊಂದು ಸಲ ಚೆನ್ನಾಗಿ ನೆನೆಸಿ ಬಿಟ್ಟರು. 2011ರಲ್ಲಿ ಫಲಿತಾಂಶ ಬಂತು. ಒಣಗಿದ ಹಾಸಿನ ಮೇಲೆ ರಾಡಿ ನಿಧಾನ ಆಯಿತು, ನಿನ್ನ ಪುಸ್ತಕ ಹೇಳಿದ ಹಾಗೇ. ನೆನೆದ ಹಾಸಿನ ಮೇಲೆ ತಿಂದಷ್ಟೂ ವೇಗ ಹೆಚ್ಚಿತು, ಒಟ್ಟು ಸಂವೇಗವೂ ಹೆಚ್ಚಿತು.

ಕಾರಣ ಹಾಸಿನೊಳಗಿನ ನೀರು. ರಾಡಿ ಮೇಲೆ ಬಂದು ಹೇರಿದಾಗ ಸಡಿಲ ಮಣ್ಣು ಒತ್ತಿಕೊಳ್ಳಲು ನೋಡುತ್ತದೆ. ಕಣಗಳ ನಡುವಿನ ನೀರಿಗೆ ಓಡಲು ಹೊತ್ತಿಲ್ಲ. ಆಗ ಭಾರವನ್ನು ಮಣ್ಣಿನ ಕಣಗಳ ಬದಲು ನೀರೇ ಹೊರುತ್ತದೆ. ಕಣ ಕಣ ಉಜ್ಜುವುದು ನಿಂತರೆ ತಡೆ ಎಲ್ಲಿಂದ ಬರಬೇಕು? ಭಾರಕ್ಕೆ ಎಳೆತ ಇದೆ, ತಡೆ ಇಲ್ಲ. ತಿಂದ ಮಣ್ಣೂ ಇಳಿಜಾರಲ್ಲೇ ಇದೆಯಲ್ಲ, ಅದರ ಭಾರವೂ ಕೆಳಕ್ಕೇ ಎಳೆಯುತ್ತದೆ. ನಿನ್ನ ಪುಸ್ತಕದ ಲೆಕ್ಕದಲ್ಲಿ ಇಳಿಜಾರೂ ಇಲ್ಲ, ನೀರೂ ಇಲ್ಲ, ಫರಕು ಅಲ್ಲೇ.

ಕಾರವಾರಕ್ಕೆ ಹೋದರೆ ಟ್ಯಾಗೋರ್ ಕಡಲತೀರದಲ್ಲಿ ಇದನ್ನು ಕಾಲಲ್ಲೇ ನೋಡಬಹುದು. ಅಲೆ ಹೋದ ಮೇಲೆ ಗಟ್ಟಿಯಾಗಿ ಕೂತ ಮರಳಿನ ಮೇಲೆ ಹೆಜ್ಜೆ ಇಡು. ಪಾದದ ಸುತ್ತ ಮರಳು ಒಮ್ಮೆಲೇ ಒಣಗಿದ ಹಾಗೆ ಬೆಳ್ಳಗಾಗುತ್ತದೆ. ಗಟ್ಟಿ ಕೂತ ಕಣಗಳು ಹೆಜ್ಜೆಗೆ ಹಿಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಮರಳು ಇನ್ನೂ ಗಟ್ಟಿ ಆಗುತ್ತದೆ. ಸ್ವಲ್ಪ ಆಚೆ ಸಡಿಲ ಮರಳಿದ್ದಲ್ಲಿ ನಿಂತು ಕಾಲು ಕುಣಿಸು. ಗಂಜಿಯ ಹಾಗೆ ಆಗಿ ಪಾದ ಇಳಿಯುತ್ತದೆ. ಎರಡೂ ಅದೇ ಮರಳು. ಒಂದು ಸ್ವಲ್ಪ ಒತ್ತಾಗಿದೆ, ಇನ್ನೊಂದು ಸ್ವಲ್ಪ ಸಡಿಲ.

ಈ ಸ್ವಲ್ಪ ಅನ್ನುವುದೇ ಭಯದ ಮಾತು. 2014ರ ಮಾರ್ಚ್ 22ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೊ ಎಂಬಲ್ಲಿ ಗುಡ್ಡ ಬಿದ್ದು ಹೊಳೆ ದಾಟಿ, ಒಂದು ಕಿಲೋಮೀಟರಿಗಿಂತ ಜಾಸ್ತಿ ಹರಿದು 43 ಜನ ಹೋದರು. ಐವರ್‌ಸನ್ ತಂಡ ತಮ್ಮ ಡಿ-ಕ್ಲಾ ಪ್ರೋಗ್ರಾಂನಲ್ಲಿ ಆ ಗುಡ್ಡವನ್ನೇ ಮತ್ತೆ ಮತ್ತೆ ಬೀಳಿಸಿ ನೋಡಿತು. ಶುರುವಿನಲ್ಲಿ ಮಣ್ಣು ಎಷ್ಟು ಸಡಿಲ ಇತ್ತು ಅನ್ನುವ ಸಂಖ್ಯೆಯನ್ನು ಒಂದಿಷ್ಟೇ ಇಷ್ಟು ಬದಲಿಸಿದರೂ, ಒಂದರಲ್ಲಿ ಮಣ್ಣು ಸ್ವಲ್ಪ ಜಾರಿ ನಿಲ್ಲುತ್ತಿತ್ತು, ಇನ್ನೊಂದರಲ್ಲಿ ಕಣಿವೆ ಪೂರ್ತಿ ಮುಚ್ಚುತ್ತಿತ್ತು.

ಜಗಳ ಮುಗಿದಿದೆ ಅಂತ ತಿಳಿಯಬೇಡ. ನೇಪಾಳ ಮೂಲದ ಶಿವ ಪುದಾಸೈನಿ ಮತ್ತು ಜರ್ಮನಿಯ ಮಿಖಾಯೆಲ್ ಕ್ರಾಟ್‌ಬ್ಲಾಟರ್ 2021ರಲ್ಲಿ ಬೇರೆ ದಾರಿ ಹಿಡಿದರು. ತಳದಿಂದ ಎದ್ದ ಮಣ್ಣು ಏಳುವ ಕ್ಷಣಕ್ಕೇ ಎಷ್ಟು ವೇಗ ಹಿಡಿದಿರುತ್ತದೆ ಅನ್ನುವುದರ ಮೇಲೆ ರಾಡಿಗೆ ಲಾಭವೋ ನಷ್ಟವೋ ನಿಲ್ಲುತ್ತದೆ ಅಂತ ಅವರ ಲೆಕ್ಕ. ನಿನ್ನ ತಮ್ಮ ನಿಂತಲ್ಲಿಂದ ಹತ್ತಿದನೋ, ಜೊತೆಗೆ ಓಡಿ ಬಂದು ಹತ್ತಿದನೋ ಅಂತ ಕೇಳಿದ ಹಾಗೆ. ಎಂ.ಎಸ್‌ಸಿ. ಮಾಡುವ ಮನಸ್ಸಿದ್ದರೆ ಇದರಲ್ಲಿ ಕೆಲಸ ಬೇಕಷ್ಟಿದೆ. ಆರ್ ಡಾಟ್ ಅವಾಫ್ಲೋ ಅಂತ ಉಚಿತ ಪ್ರೋಗ್ರಾಂ ಸಿಗುತ್ತದೆ, ಡಿ-ಕ್ಲಾ ಕೂಡ ಉಚಿತ. ರ‍್ಯಾಮ್ಸ್‌ಗೆ ದುಡ್ಡು ಕೊಡಬೇಕು.

ಪ್ರಶ್ನೆ: 2009ರಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಬಿದ್ದದ್ದನ್ನು ಹತ್ತಿರದಿಂದ ಕಂಡವನು ನಾನು. ಈಗ ನಮ್ಮ ಓಣಿಗೆ ಒಬ್ಬರು ಬಣ್ಣದ ನಕ್ಷೆ ತಂದು ತೋರಿಸಿದರು. ನಮ್ಮ ಮನೆ ಕೆಂಪು, ಪಕ್ಕದವರದು ಹಸಿರು. ನಡುವೆ ಇರುವುದು ಒಂದು ಗೋಡೆ. ಏನಂತ ನಂಬೋದು?
(ಕಾರವಾರ)

ಉತ್ತರ: ಗೋಡೆಯ ಈಚೆ ಕೆಂಪು, ಆಚೆ ಹಸಿರು ಅನ್ನುವ ನಕ್ಷೆ ಕಂಡರೆ ನನಗೆ ನನ್ನದೇ ತಪ್ಪು ನೆನಪಾಗುತ್ತದೆ. ಹೇಳಿಬಿಡ್ತೇನೆ.

2019ರದ್ದನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಓಡಿಸಿದಾಗ ನಾನು ತಗೊಂಡದ್ದು ಇಸ್ರೋದ ಭುವನ್ ತಾಣದಲ್ಲಿ ಉಚಿತವಾಗಿ ಸಿಗುವ ಎತ್ತರದ ನಕ್ಷೆ. ಅದರಲ್ಲಿ ಒಂದು ಚೌಕ ಅಂದರೆ 30 ಮೀಟರ್. ನನ್ನ ಹಳ್ಳ 3 ಮೀಟರ್. ಹಳ್ಳ ಮಾಯ! ಸಾಲದ್ದಕ್ಕೆ ಉಪಗ್ರಹ ಮರದ ತಲೆಯನ್ನೇ ನೆಲ ಅಂದ್ಕೊಂಡಿರುತ್ತದೆ. ಹಳ್ಳ ಇಲ್ಲದ ಮೇಲೆ ರಾಡಿ ಏನು ಮಾಡಬೇಕು? ದಿಬ್ಬ ಹತ್ತಿ ಇಳಿದು ಸೀದಾ ಕೆಳಮನೆ ಭಾವನ ಅಂಗಳಕ್ಕೆ ಹೋಗಿ ನಿಂತಿತು, ಕೆಂಪು ಬಣ್ಣದಲ್ಲಿ. ನಾನು ಬುದ್ಧಿ ಇಲ್ಲದೆ ಅದನ್ನು ಅವರಿಗೇ ತೋರಿಸಿದೆ. ಪಾಪ, ಭಾವ ಅತ್ತಿಗೆಯನ್ನು ಕರಕೊಂಡು ನಾಲ್ಕು ದಿನ ಮಗಳ ಮನೆಗೆ ಹೋಗಿ ಕೂತರು. ಈಗಲೂ ಊಟದ ಪಂಕ್ತಿಯಲ್ಲಿ ನನ್ನನ್ನು ಕಂಡರೆ "ಕೆಂಪು ಮುಗಿಯಿತಾ?" ಅಂತ ಕೇಳ್ತಾರೆ.

ಆಮೇಲೆ ಗಾರೆಯವರ ಟ್ಯೂಬ್ ಲೆವೆಲ್ ತಗೊಂಡು, ಇಬ್ಬರು ಆಳುಗಳ ಜೊತೆ ಹಳ್ಳವನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದೆ. ಎರಡು ಮೀಟರಿನ ಚೌಕ ಮಾಡಿ ಮತ್ತೆ ಓಡಿಸಿದೆ. ಈ ಸಲ ರಾಡಿ ಹಳ್ಳ ಬಿಡದೆ ಬಂದು ತೋಟದಲ್ಲಿ ನಿಂತಿತು, ನಿಜವಾಗಿ ನಿಂತಲ್ಲೇ. ಖುಷಿಯಾಗಿ ಒಂದು ಲೋಟ ಕಷಾಯ ಕುಡಿದೆ. ಕುಡಿದು ಬಂದು ಸಂಖ್ಯೆ ಬದಲಿಸಿ ನೋಡಿದರೆ ಖುಷಿ ಇಳಿಯಿತು. ತಳದ ತಡೆ ಹೆಚ್ಚು ಮಾಡಿ ಜಾಸ್ತಿ ತಿನ್ನಲು ಬಿಟ್ಟರೂ ರಾಡಿ ಅಲ್ಲೇ ನಿಲ್ಲುತ್ತದೆ. ತಡೆ ಕಡಿಮೆ ಮಾಡಿ ಸ್ವಲ್ಪವೇ ತಿನ್ನಲು ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಎರಡು ತೀರಾ ಬೇರೆ ಕಥೆ, ಕೊನೆ ಒಂದೇ. ಎಲ್ಲಿ ನಿಂತಿತು ಅನ್ನುವುದು ಸರಿ ಬಂದ ಮಾತ್ರಕ್ಕೆ ಲೆಕ್ಕ ಸರಿ ಅಂತ ಹೇಳುವ ಹಾಗಿಲ್ಲ.

ಹಾಗಾದರೆ ಯಾವ ಕಥೆ ನಿಜ? ಅದಕ್ಕೆ ವೇಗ ಬೇಕಿತ್ತು. ವೇಗ ಸಿಕ್ಕಿದ್ದು ಹಳ್ಳದ ತಿರುವಿನಲ್ಲಿ. ರಾಡಿ ತಿರುವಿನಲ್ಲಿ ಹೊರಗಿನ ದಂಡೆಗೆ ಹತ್ತುತ್ತದೆ, ಬಸ್ಸಿನಲ್ಲಿ ನಾವು ಹೊರಕ್ಕೆ ವಾಲುವ ಹಾಗೆ. ಹೊರಗಿನ ಮರಗಳ ಮೇಲಿನ ಕೆಸರಿನ ಗೆರೆ ಒಳಗಿನದ್ದಕ್ಕಿಂತ 90 ಸೆಂಟಿಮೀಟರ್ ಮೇಲೆ ಇತ್ತು. ಅಲ್ಲಿ ರಾಡಿಯ ಅಗಲ 5 ಮೀಟರ್, ತಿರುವಿನ ತ್ರಿಜ್ಯ ಸುಮಾರು 20 ಮೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 6 ಮೀಟರ್, ಗಂಟೆಗೆ 21 ಕಿಲೋಮೀಟರ್. ನನ್ನ ವಯಸ್ಸಿನವರು ಓಡಿ ತಪ್ಪಿಸಿಕೊಳ್ಳುವ ವೇಗ ಅಲ್ಲ. ಎರಡು ಕಥೆಯಲ್ಲಿ ಒಂದು ತಿರುವಿನಲ್ಲಿ ಸೆಕೆಂಡಿಗೆ 11 ಮೀಟರ್ ಹೇಳುತ್ತಿತ್ತು. ಅದನ್ನು ಬಿಟ್ಟೆ.

ನಕ್ಷೆ ತಂದವರನ್ನು ನೀವೂ ಹೀಗೇ ಕೇಳಿ. ನಿಮ್ಮ ಚೌಕ ಎಷ್ಟು ಮೀಟರ್? ಮಣ್ಣು ದಾರಿಯಲ್ಲಿ ತಿನ್ನುವುದನ್ನು ಸೇರಿಸಿದ್ದೀರಾ? ಸೇರಿಸಿದ್ದರೆ ತಳದ ಆಳ ಯಾರು ಅಳೆದರು? ಇನ್ನೊಂದು ವಿಷಯ. ಎಲ್ಲಿ ಜಾರಬಹುದು ಅನ್ನುವ ನಕ್ಷೆ ಬೇರೆ, ಜಾರಿದ್ದು ಎಲ್ಲಿವರೆಗೆ ಹೋಗಬಹುದು ಅನ್ನುವ ನಕ್ಷೆ ಬೇರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶದ ಗುಡ್ಡಗಾಡಿಗೆ ಮಾಡಿಟ್ಟದ್ದು ಮೊದಲ ಥರದ್ದು. 2024ರ ಜುಲೈಯಲ್ಲಿ ಅವರು ಕೋಲ್ಕತ್ತಾದಲ್ಲಿ ಮುನ್ಸೂಚನೆ ಕೇಂದ್ರ ತೆರೆದು ಭೂಸಂಕೇತ್ ಅಂತ ತಾಣ, ಭೂಸ್ಖಲನ್ ಅಂತ ಆ್ಯಪ್ ಬಿಟ್ಟಿದ್ದಾರೆ. ನಿಮ್ಮವರು ತಂದದ್ದು ಯಾವ ಥರದ್ದು ಅಂತ ಮೊದಲು ಕೇಳಿ. ಅಲ್ಲಿವರೆಗೆ ಪಕ್ಕದ ಹಸಿರು ಮನೆಯವರೂ ನಿಮ್ಮಷ್ಟೇ ಹುಷಾರಾಗಿರಲಿ.

ಪ್ರಶ್ನೆ: ಶಿರೂರಿನಲ್ಲಿ ಮಣ್ಣು ಈಚೆ ದಡದಲ್ಲಿ ಬಿತ್ತು. ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿ ಮನೆ ಯಾಕೆ ಬಿದ್ದವು?
(ಅಂಕೋಲಾ)

ಉತ್ತರ: ಅಲ್ಲಿ ಹೊಡೆದದ್ದು ನೀರು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಹೆದ್ದಾರಿ ದಾಟಿ, ಚಹಾ ಅಂಗಡಿಯನ್ನೂ ನಿಂತ ಗಾಡಿಗಳನ್ನೂ ಎಳೆದುಕೊಂಡು ಹೊಳೆಗೆ ಇಳಿಯಿತು. ತುಂಬಿದ ಬಾನಿಗೆ ಒಂದು ಕಲ್ಲು ಹಾಕಿದ ಹಾಗೆ. ಮಣ್ಣು ಎಷ್ಟು ಜಾಗ ಹಿಡಿಯಿತೋ ಅಷ್ಟು ನೀರು ಬೇರೆ ಕಡೆ ಹೋಗಲೇಬೇಕು, ಅದೂ ಕೆಲವೇ ಸೆಕೆಂಡಿನಲ್ಲಿ. ಮಳೆಗಾಲದ ಹೊಳೆ ಮೊದಲೇ ದಂಡೆಮಟ್ಟ ಇತ್ತು. ಅಲೆ ಎದ್ದು ಆಚೆ ದಡ ಹತ್ತಿತು.

ಇದನ್ನು ಲೆಕ್ಕ ಮಾಡಲು ಒಂದೇ ರಾಡಿಯ ಪ್ರೋಗ್ರಾಂ ಸಾಲದು. ಮಣ್ಣು ಬೇರೆ, ನೀರು ಬೇರೆ ಅಂತ ಎರಡನ್ನೂ ಇಟ್ಟುಕೊಂಡು, ಒಂದು ಇನ್ನೊಂದನ್ನು ತಳ್ಳುವುದನ್ನು ನೋಡಬೇಕು. ನಾನು ಮೇಲೆ ಹೇಳಿದ ಆರ್ ಡಾಟ್ ಅವಾಫ್ಲೋ ಮಾಡುವುದು ಅದನ್ನೇ. ಶಿರೂರಿನಲ್ಲಿ ಇಳಿಜಾರು ಚಿಕ್ಕದು, ಗುಡ್ಡದ ಬುಡದಲ್ಲೇ ರಸ್ತೆ, ರಸ್ತೆಯ ಬುಡದಲ್ಲೇ ಹೊಳೆ. ದಾರಿಯಲ್ಲಿ ತಿನ್ನಲು ಉದ್ದವೇ ಇರಲಿಲ್ಲ. ಹಾಗಾಗಿ ನನ್ನ ಟಿಪ್ಪರ್ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಎಲ್ಲವೂ ಮೊದಲು ಜಾರಿದ ರಾಶಿಯದ್ದೇ. ಮಣ್ಣಿನ ಜೊತೆ ಹೊಳೆ ಸೇರಿದ ಲಾರಿ ಮೇಲೆ ಬರಲು ಸೆಪ್ಟೆಂಬರ್ 25 ಆಯಿತು ಅಂದರೆ ರಾಶಿ ಎಷ್ಟಿತ್ತು ನೀವೇ ನೋಡಿ. ನಿಮಗೆ ನಾನು ಹೇಳುವುದೇನು, ಆ ದಿನಗಳಲ್ಲಿ ದಡದಲ್ಲಿ ನಿಂತವರು ನೀವು.

ಪ್ರಶ್ನೆ: ಹಳ್ಳಕ್ಕೆ ಅಲ್ಲಲ್ಲಿ ಕಲ್ಲು ಪೇರಿಸಿ ಒಡ್ಡು ಹಾಕಿದರೆ, ಲಾವಂಚ ನೆಟ್ಟರೆ ನಿಲ್ಲುತ್ತದಾ?
(ಕುಮಟಾ)

ಉತ್ತರ: ಲಾವಂಚ ನೆಡಿ, ಮೇಲ್ಮಣ್ಣಿಗೆ ಒಳ್ಳೇದು. ಬೇರಿಗಿಂತ ಆಳದಲ್ಲಿ ಶೇಡಿ ಮಣ್ಣಿನ ಮೇಲೆ ಜಾರುವ ಗುಡ್ಡಕ್ಕೆ ಅದು ಗೊತ್ತೇ ಆಗುವುದಿಲ್ಲ. ಕಡಿದಾದ ಹಳ್ಳದಲ್ಲಿ ಸುಮ್ನೆ ಪೇರಿಸಿದ ಕಲ್ಲಿನ ಒಡ್ಡು ನನಗೆ ಇಷ್ಟ ಇಲ್ಲ. ಅದರ ಹಿಂದೆ ಮಣ್ಣು ತುಂಬುತ್ತದೆ, ನೆನೆಯುತ್ತದೆ, ಒಂದು ದಿನ ರಾಡಿ ಬಂದರೆ ಕಲ್ಲೂ ಸೇರಿ ಊಟ. ಕಟ್ಟುವುದಾದರೆ ಬಂಡೆಗೆ ಬುಡ ಕೊಟ್ಟು, ಎಂಜಿನಿಯರ್ ಲೆಕ್ಕ ಹಾಕಿ ಕಟ್ಟಿಸಿ. ಕಡಿದಾದ ಬೆಟ್ಟದ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದನ್ನೂ ಬಿಡಿ. ಅಲ್ಲಿ ಇಂಗಿದ ನೀರು ಎಲ್ಲಿ ಎದ್ದು ಬರುತ್ತದೆ ಅಂತ ನಮಗೆ ಗೊತ್ತಿರುವುದಿಲ್ಲ.

ಪ್ರಶ್ನೆ: ಜೋರು ಮಳೆ ಬರ್ತಿರುವಾಗಲೇ ಮನೆ ಪಕ್ಕದ ಹಳ್ಳ ಒಮ್ಮೆಲೇ ಸಣ್ಣ ಆಯಿತು. ಒಳ್ಳೇದಲ್ವಾ?
(ಸಿದ್ದಾಪುರ)

ಉತ್ತರ: ಅಲ್ಲ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಮುಂದಿನ ಸಲ ಹಾಗಾದರೆ ಯಾಕೆ ಅಂತ ನೋಡಲು ಮೇಲೆ ಹೋಗಬೇಡಿ. ಮಕ್ಕಳು, ಮುದುಕರನ್ನು ಕರಕೊಂಡು ಹಳ್ಳದಿಂದ ಅಡ್ಡಕ್ಕೆ, ಎತ್ತರಕ್ಕೆ ಹೋಗಿ. ಹಳ್ಳದ ಗುಂಟ ಕೆಳಕ್ಕೆ ಓಡಬೇಡಿ, 6 ಮೀಟರಿನ ಲೆಕ್ಕ ಆಗಲೇ ಹೇಳಿದ್ದೇನೆ.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದೂ ನೀವು ಮಳೆಗಾಲದಲ್ಲಿ ಅದೇ ಮನೆಯಲ್ಲಿ ಮಲಗ್ತೀರಾ?
(ಹೆಸರು, ಊರು ಬರೆದಿಲ್ಲ)

ಉತ್ತರ: ಮಲಗ್ತೇನೆ. ಮನೆ ದಿಬ್ಬದ ಮೇಲಿದೆ, ಯಾವ ಕಥೆಯಲ್ಲೂ ರಾಡಿ ಅಲ್ಲಿಗೆ ಹತ್ತಲಿಲ್ಲ. ಹಳ್ಳದ ತಳವನ್ನು ಪ್ರತಿ ಮಾರ್ಚ್‌ನಲ್ಲಿ ಸರಳು ಹೊಡೆದು ನೋಡ್ತೇನೆ. 2019ರಲ್ಲಿ ತೊಳೆದು ಹೋದ ಬಂಡೆಯ ಮೇಲೆ ಮತ್ತೆ ಸೊಪ್ಪು, ದಂಡೆ ಜರಿದ ಮಣ್ಣು ಸೇರಿ ಒಂದು ಗೇಣು ತುಂಬಿದೆ. ಅರ್ಧ ಮೀಟರ್ ಆಗಲು ಇನ್ನೂ ವರ್ಷ ಬೇಕು. ಕೊಟ್ಟಿಗೆ ಮಾತ್ರ ಹಳ್ಳದ ಬಾಯಿಗೇ ಇತ್ತು. ಹೋದ ಏಪ್ರಿಲ್‌ನಲ್ಲಿ ಅದನ್ನು ಮನೆ ಹಿಂದೆ ಕಟ್ಟಿಸಿದೆ. ಹಸು ಈಗಲೂ ಸಂಜೆ ಮೇದು ಬಂದರೆ ಹಳೇ ಜಾಗಕ್ಕೇ ಹೋಗಿ ನಿಂತು ಕೂಗುತ್ತದೆ.